ಕಿಂಡಿಯಾದ ಪರದೆ: ನೋಡುವವನ ತಲೆಯನ್ನು ಅನುಸರಿಸುವ ಚಿತ್ರದ ಇತಿಹಾಸ

೧

ರೈಲುಗಾಡಿಯ ಕಿಟಕಿಯ ಬಳಿ ಕುಳಿತು ದೂರದ ಊರಿಗೆ ಪ್ರಯಾಣ ಮಾಡಿದವರೆಲ್ಲರೂ ಒಂದು ಸಂಗತಿಯನ್ನು ಬಲ್ಲರು. ಹಳಿಯ ಪಕ್ಕದ ತಂತಿಕಂಬಗಳು ಎಣಿಸಲು ಬಾರದ ವೇಗದಲ್ಲಿ ಹಿಂದಕ್ಕೆ ಓಡುತ್ತವೆ. ಹೊಲದ ನಡುವಣ ಮರ ನಿಧಾನವಾಗಿ ಸರಿಯುತ್ತದೆ. ದಿಗಂತದ ಬೆಟ್ಟವಾದರೋ ಗಾಡಿಯ ಜೊತೆಯಲ್ಲಿಯೇ ಬರುತ್ತಿರುವಂತೆ ತೋರುತ್ತದೆ. ನೋಡುವವನ ಸ್ಥಾನ ಬದಲಾದಾಗ ಹತ್ತಿರದ ವಸ್ತು ಹೆಚ್ಚಾಗಿಯೂ ದೂರದ ವಸ್ತು ಕಡಿಮೆಯಾಗಿಯೂ ಸರಿದಂತೆ ಕಾಣುವುದು ದೃಷ್ಟಿಯ ನಿಯಮ. ಗ್ರಹಣವನ್ನು ಗಣಿಸುವಾಗ ಭಾರತೀಯ ಜ್ಯೋತಿಷಿಗಳು ಇಂಥ ವ್ಯತ್ಯಾಸವನ್ನೇ ‘ಲಂಬನ’ವೆಂಬ ಹೆಸರಿನಿಂದ ಲೆಕ್ಕಕ್ಕೆ ಹಿಡಿದರು. ಆಕಾಶದಲ್ಲಿ ಚಂದ್ರನಿಗೆ ಸಲ್ಲುವ ಮಾತು ಮೇಜಿನ ಮೇಲಿನ ಹೂದಾನಿಗೂ ಸಲ್ಲುತ್ತದೆ.

ಗೋಡೆಗೆ ತೂಗುಹಾಕಿದ ಚಿತ್ರದಲ್ಲಿ ಮಾತ್ರ ಈ ನಿಯಮ ನಡೆಯುವುದಿಲ್ಲ. ಚಿತ್ರಕಾರನು ಎಷ್ಟೇ ನಿಪುಣನಾಗಿರಲಿ, ಪ್ರೇಕ್ಷಕನು ತಲೆಯನ್ನು ಎಡಕ್ಕೆ ಸರಿಸಿದ ಮಾತ್ರಕ್ಕೆ ಚಿತ್ರದ ಕಂಬದ ಮರೆಯಲ್ಲಿರುವ ಮುಖ ಹೊರಗೆ ಬಾರದು. ಗಣಕಯಂತ್ರದ ಪರದೆಯೂ ಸಾಮಾನ್ಯವಾಗಿ ಇಂಥ ಗೋಡೆಯ ಚಿತ್ರವೇ ಆಗಿದೆ. ಕಿಂಡಿಯ ಸ್ವಭಾವವೇ ಬೇರೆ. ಉಡುಪಿಯ ಕನಕನ ಕಿಂಡಿಯ ಮುಂದೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಣ್ಣು ಒಂದಂಗುಲ ಸರಿದರೆ ಒಳಗಿನ ನೋಟವೂ ಸರಿಯುತ್ತದೆ. ಪರದೆಯನ್ನು ಚಿತ್ರವಾಗಿ ಉಳಿಸದೆ ಕಿಂಡಿಯನ್ನಾಗಿ ಮಾಡುವುದು ಹೇಗೆ? ನೋಡುವವನ ತಲೆ ಎಲ್ಲಿದೆಯೆಂಬುದನ್ನು ಯಂತ್ರವೇ ಕ್ಷಣಕ್ಷಣಕ್ಕೂ ಅಳೆದು, ಆ ಸ್ಥಾನಕ್ಕೆ ತಕ್ಕ ಚಿತ್ರವನ್ನು ಮತ್ತೆ ಮತ್ತೆ ಬರೆಯುವುದು ಈ ಪ್ರಶ್ನೆಗೆ ದೊರೆತ ಒಂದು ಉತ್ತರ. ಯಂತ್ರಜ್ಞರು ಇದನ್ನು ‘ಹೆಡ್ ಟ್ರ್ಯಾಕಿಂಗ್’ ಎಂದು ಕರೆಯುತ್ತಾರೆ.

ಈ ವಿಧಾನ ಸಾಮಾನ್ಯ ಜನರ ಗಮನಕ್ಕೆ ಬಂದದ್ದು ೨೦೦೭ರ ಡಿಸೆಂಬರಿನಲ್ಲಿ, ಒಂದು ಆಟದ ಸಾಮಾನಿನ ಮೂಲಕ. ಅದರಿಂದಾಗಿ ಅದು ಅಂದೇ ಹುಟ್ಟಿತೆಂಬ ಭಾವನೆಯೂ ಹರಡಿದೆ. ಆದರೆ ಅದರ ಬೇರು ಹದಿನೈದನೆಯ ಶತಮಾನದ ಫ್ಲಾರೆನ್ಸ್ ನಗರದವರೆಗೆ ಹೋಗುತ್ತದೆ. ಚಪ್ಪಟೆಯಾದ ತಲದಲ್ಲಿ ಆಳವನ್ನು ತೋರಿಸಬೇಕಾದರೆ ನೋಡುವವನು ಎಲ್ಲಿ ನಿಂತಿದ್ದಾನೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಹಿಂದಿನವರು ನೋಡುವವನನ್ನು ಒಂದೆಡೆ ನಿಲ್ಲಿಸಿ ಈ ಲೆಕ್ಕವನ್ನು ತೀರಿಸಿದರು; ಗಣಕಯಂತ್ರ ಅವನನ್ನು ಬಿಡುಗಡೆ ಮಾಡಿತು. ಆ ಬಿಡುಗಡೆಗೆ ತೆತ್ತ ಬೆಲೆಯನ್ನೂ ಇತಿಹಾಸಕಾರನು ಎಣಿಸಬೇಕಾಗುತ್ತದೆ.

೨

ಫಿಲಿಪ್ಪೊ ಬ್ರುನೆಲ್ಲೆಸ್ಕಿ ಎಂಬ ವಾಸ್ತುಶಿಲ್ಪಿ ಹದಿನೈದನೆಯ ಶತಮಾನದ ಆದಿಭಾಗದಲ್ಲಿ ಮಾಡಿದ ಪ್ರಯೋಗವೊಂದನ್ನು ಅವನ ಚರಿತ್ರೆಯನ್ನು ಬರೆದ ಮಾನೆತ್ತಿ ವರ್ಣಿಸಿದ್ದಾನೆ. ಫ್ಲಾರೆನ್ಸಿನ ಮಹಾದೇವಾಲಯದ ಬಾಗಿಲಿನಿಂದ ಎದುರಿಗೆ ಕಾಣುವ ದೀಕ್ಷಾಮಂದಿರವನ್ನು ಬ್ರುನೆಲ್ಲೆಸ್ಕಿ ಒಂದು ಚಿಕ್ಕ ಹಲಗೆಯ ಮೇಲೆ ಚಿತ್ರಿಸಿದನು. ಹಲಗೆಯಲ್ಲಿ ಒಂದು ರಂಧ್ರವನ್ನು ಕೊರೆದನು. ನೋಡುವವನು ಹಲಗೆಯ ಹಿಂಬದಿಯಿಂದ ರಂಧ್ರಕ್ಕೆ ಕಣ್ಣಿಟ್ಟು, ಮುಂದುಗಡೆ ಇನ್ನೊಂದು ಕೈಯಲ್ಲಿ ಹಿಡಿದ ಕನ್ನಡಿಯಲ್ಲಿ ಚಿತ್ರದ ಪ್ರತಿಬಿಂಬವನ್ನು ನೋಡಬೇಕು. ಆಕಾಶವಿರಬೇಕಾದ ಕಡೆ ಬಣ್ಣ ಬಳಿಯದೆ ಹೊಳಪು ಕೊಟ್ಟ ಬೆಳ್ಳಿಯನ್ನಿಟ್ಟಿದ್ದರಿಂದ ನಿಜವಾದ ಮೋಡಗಳೇ ಅಲ್ಲಿ ಪ್ರತಿಫಲಿಸುತ್ತಿದ್ದವು. ನೋಡಿದವರಿಗೆ ತಾವು ನಿಜವಾದ ಕಟ್ಟಡವನ್ನೇ ಕಾಣುತ್ತಿರುವಂತೆ ತೋರಿತೆಂದು ಮಾನೆತ್ತಿಯ ಹೇಳಿಕೆ.

ಈ ಪ್ರಯೋಗದಲ್ಲಿ ಚಿತ್ರದಷ್ಟೇ ಮುಖ್ಯವಾದುದು ಆ ರಂಧ್ರ. ಅದು ಕಣ್ಣಿಗೆ ಒಂದು ನಿಯತವಾದ ಸ್ಥಾನವನ್ನು ಕೊಟ್ಟಿತು. ಇನ್ನೊಂದು ಕಣ್ಣಿನ ಸಾಕ್ಷ್ಯವನ್ನು ತಡೆದು ನಿಲ್ಲಿಸಿತು. ೧೪೩೫ರಲ್ಲಿ ಚಿತ್ರಕಲೆಯನ್ನು ಕುರಿತು ಗ್ರಂಥ ರಚಿಸಿದ ಲೆಯೋನ್ ಬತ್ತಿಸ್ತ ಆಲ್ಬೆರ್ತಿ ಚಿತ್ರವನ್ನು ತೆರೆದ ಕಿಟಕಿಗೆ ಹೋಲಿಸಿದನು. ಹೋಲಿಕೆ ಸುಂದರವಾದದ್ದೇ, ಆದರೆ ಕಿಟಕಿಯ ಮುಂದೆ ಮನುಷ್ಯನು ಅತ್ತಿತ್ತ ಓಡಾಡಬಹುದು, ಆಲ್ಬೆರ್ತಿಯ ಕಿಟಕಿಯ ಮುಂದೆ ಅದು ಸಾಧ್ಯವಿಲ್ಲ.

ಈ ಕಟ್ಟಳೆಯ ಅತ್ಯಂತ ಸ್ಪಷ್ಟವಾದ ಉದಾಹರಣೆ ರೋಮಿನ ಸಾಂತ್ ಇಗ್ನಾಟ್ಸಿಯೊ ದೇವಾಲಯದಲ್ಲಿದೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಆಂದ್ರೆಯಾ ಪೊತ್ಸೊ ಎಂಬ ಜೆಸ್ಯೂಟ್ ಕಲಾವಿದನು ಅಲ್ಲಿನ ಛಾವಣಿಯ ಮೇಲೆ ಕಂಬಗಳು, ಕಮಾನುಗಳು, ಅವುಗಳಾಚೆಯ ಆಕಾಶ, ಅಲ್ಲಿಗೆ ಏರುತ್ತಿರುವ ಮೂರ್ತಿಗಳು ಇವನ್ನೆಲ್ಲ ಚಿತ್ರಿಸಿದನು. ಕಟ್ಟಲು ಸಾಧ್ಯವಾಗದೆ ಹೋದ ಗುಮ್ಮಟಕ್ಕೆ ಬದಲಾಗಿ ಗುಮ್ಮಟದ ಚಿತ್ರವನ್ನೇ ಅಲ್ಲಿ ಏರಿಸಿದನು. ಎಲ್ಲಿ ನಿಂತು ನೋಡಬೇಕೆಂಬುದನ್ನು ನೆಲದಲ್ಲಿ ಹುದುಗಿಸಿದ ಅಮೃತಶಿಲೆಯ ಬಿಲ್ಲೆ ತೋರಿಸುತ್ತದೆ. ಅದರ ಮೇಲೆ ನಿಂತವನಿಗೆ ಛಾವಣಿಯೇ ಇಲ್ಲದೆ ದೇವಾಲಯ ಆಕಾಶಕ್ಕೆ ತೆರೆದುಕೊಂಡಂತೆ ಕಾಣುತ್ತದೆ. ಬಿಲ್ಲೆಯನ್ನು ಬಿಟ್ಟು ದೂರ ನಡೆದರೆ ಕಂಬಗಳು ಒಂದು ಕಡೆಗೆ ವಾಲುತ್ತವೆ, ಗುಮ್ಮಟ ಕುಸಿದಂತಾಗುತ್ತದೆ. ಇದರಲ್ಲಿ ಕಲಾವಿದನ ದೋಷವೇನೂ ಇಲ್ಲ. ಚಿತ್ರ ಒಂದೇ, ಆದ್ದರಿಂದ ಅದು ನಿಜವೆನಿಸುವ ಸ್ಥಳವೂ ಒಂದೇ.

೩

ಮುಂದೆ ವಿಜ್ಞಾನಿಗಳ ಗಮನ ಬೇರೊಂದು ಕಡೆಗೆ ಹರಿಯಿತು. ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ೧೮೩೮ರಲ್ಲಿ ಸ್ಟೀರಿಯೊಸ್ಕೋಪ್ ಎಂಬ ಉಪಕರಣವನ್ನು ವಿವರಿಸಿ, ಎಡಗಣ್ಣಿಗೂ ಬಲಗಣ್ಣಿಗೂ ತುಸು ಬೇರೆಯಾದ ಎರಡು ಚಿತ್ರಗಳನ್ನು ತೋರಿಸಿದರೆ ಮನಸ್ಸು ಅವೆರಡನ್ನೂ ಬೆಸೆದು ಘನವಾದ ವಸ್ತುವನ್ನು ಕಾಣುತ್ತದೆಂದು ಸಿದ್ಧಪಡಿಸಿದನು. ಈ ಉಪಕರಣದ ಸುಧಾರಿತ ರೂಪಗಳು ಯೂರೋಪು ಅಮೆರಿಕಗಳ ಮನೆಮನೆಗಳನ್ನೂ ಹೊಕ್ಕವು. ಆಳದ ಅರಿವಿಗೆ ಎರಡು ಕಣ್ಣುಗಳೇ ಕಾರಣವೆಂಬ ನಂಬಿಕೆ ಬಲವಾಗಿ ಬೇರೂರಿತು. ಬಣ್ಣದ ಕನ್ನಡಕ ಹಾಕಿಕೊಂಡು ನೋಡುವ ಚಲನಚಿತ್ರಗಳು ಹುಟ್ಟಿದ್ದೂ ಈ ತತ್ತ್ವದಿಂದಲೇ.

ಎರಡು ಕಣ್ಣುಗಳ ಪಾತ್ರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಒಂದೇ ಕಣ್ಣುಳ್ಳವರೂ ಜನದಟ್ಟಣೆಯ ಬೀದಿಯಲ್ಲಿ ಯಾರಿಗೂ ತಾಗದಂತೆ ನಡೆಯುತ್ತಾರೆಂಬುದನ್ನು ಮರೆಯಬಾರದು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ದೃಷ್ಟಿಶಾಸ್ತ್ರವನ್ನು ಕುರಿತು ಬರೆದ ಮಹಾಗ್ರಂಥದಲ್ಲಿ ಇದನ್ನು ಕಾಡಿನ ದೃಷ್ಟಾಂತದಿಂದ ವಿವರಿಸಿದ್ದಾನೆ. ದಟ್ಟವಾದ ಕಾಡಿನಲ್ಲಿ ಅಲುಗದೆ ನಿಂತವನಿಗೆ ಎಲೆ, ಕೊಂಬೆ, ರೆಂಬೆಗಳೆಲ್ಲ ಕಲಸಿಹೋದಂತೆ ಕಾಣುತ್ತವೆ. ಅವನು ಒಂದು ಹೆಜ್ಜೆ ಮುಂದಿಟ್ಟೊಡನೆ ಯಾವ ಕೊಂಬೆ ಯಾವ ಮರದ್ದೆಂಬುದು ತಾನಾಗಿ ಬೇರ್ಪಡುತ್ತದೆ. ೧೯೫೩ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ವಾಲಾಕ್ ಮತ್ತು ಒ’ಕಾನೆಲ್ ತಂತಿಯನ್ನು ಬಾಗಿಸಿ ಮಾಡಿದ ಆಕೃತಿಗಳ ನೆರಳನ್ನು ಪರದೆಯ ಮೇಲೆ ಬೀಳಿಸಿದರು. ನಿಂತ ನೆರಳು ಚಪ್ಪಟೆಯಾಗಿ ಕಂಡಿತು. ತಂತಿಯನ್ನು ತಿರುಗಿಸಿದಾಗ ಅದೇ ನೆರಳು ಘನಾಕೃತಿಯಾಗಿ ಕಂಡಿತು. ಹಾರುವ ಮುನ್ನ ಮಿಡತೆ ತನ್ನ ದೇಹವನ್ನು ಎಡಕ್ಕೂ ಬಲಕ್ಕೂ ತೂಗುವುದು ದೂರವನ್ನು ಅಳೆಯುವುದಕ್ಕಾಗಿಯೇ ಎಂಬುದನ್ನು ೧೯೫೯ರಲ್ಲಿ ವಾಲೇಸ್ ಎಂಬ ಪ್ರಾಣಿವಿಜ್ಞಾನಿ ತೋರಿಸಿದನು. ಚಲನೆಯೂ ಆಳವನ್ನು ಅರಿಯುವ ಒಂದು ಇಂದ್ರಿಯದಂತೆ ಕೆಲಸ ಮಾಡುತ್ತದೆಂಬುದಕ್ಕೆ ಇಷ್ಟು ಆಧಾರ ಸಾಕು.

೪

ಈ ತಿಳಿವಳಿಕೆಯನ್ನು ಯಂತ್ರಕ್ಕೆ ಅಳವಡಿಸಿದವರಲ್ಲಿ ಐವನ್ ಸದರ್‌ಲೆಂಡನ ಹೆಸರು ಮೊದಲು ಬರುತ್ತದೆ. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿದ್ದಾಗ ತನ್ನ ಸಂಗಡಿಗರೊಡನೆ ರಚಿಸಿದ ಉಪಕರಣವೊಂದನ್ನು ಅವನು ೧೯೬೮ರ ಗಣಕಯಂತ್ರ ಸಮ್ಮೇಳನದಲ್ಲಿ ವಿವರಿಸಿದನು. ತಲೆಗೆ ತೊಡುವ ಚೌಕಟ್ಟಿನಲ್ಲಿ ಎರಡು ಪುಟ್ಟ ಚಿತ್ರನಳಿಕೆಗಳು. ಛಾವಣಿಯಿಂದ ಇಳಿಬಿಟ್ಟ ಲೋಹದ ತೋಳೊಂದು ಆ ಚೌಕಟ್ಟಿಗೆ ಜೋಡಿಸಲ್ಪಟ್ಟು ತಲೆಯ ಸ್ಥಾನವನ್ನೂ ದಿಕ್ಕನ್ನೂ ಅಳೆಯುತ್ತಿತ್ತು. ಸುಮಾರು ೬ ಅಡಿ ವ್ಯಾಸ, ೩ ಅಡಿ ಎತ್ತರದ ಅವಕಾಶದಲ್ಲಿ ತಲೆ ಚಲಿಸಬಹುದಾಗಿತ್ತು. ಕಾಣುತ್ತಿದ್ದುದು ಬರಿಯ ಗೆರೆಗಳಿಂದಾದ ಆಕೃತಿಗಳು ಮಾತ್ರ. ಆದರೆ ತಲೆ ಸರಿದಂತೆ ಆ ಗೆರೆಗಳೂ ತಕ್ಕಂತೆ ಸರಿಯುತ್ತಿದ್ದುದರಿಂದ ಅವು ಕೋಣೆಯ ಗಾಳಿಯಲ್ಲಿ ನಿಂತ ವಸ್ತುಗಳಂತೆ ತೋರಿದವು. ಎರಡು ಕಣ್ಣಿಗೆ ಎರಡು ಚಿತ್ರಗಳನ್ನು ಕೊಡುವುದು ಮುಖ್ಯವಾದರೂ, ತಲೆ ಚಲಿಸಿದಾಗ ಚಿತ್ರದಲ್ಲಾಗುವ ಬದಲಾವಣೆ ಅದಕ್ಕಿಂತಲೂ ಮುಖ್ಯವೆಂದು ಸದರ್‌ಲೆಂಡ್ ಸ್ಪಷ್ಟವಾಗಿ ಹೇಳಿದನು. ವೀಟ್‌ಸ್ಟನ್ನಿನಿಂದ ಬಂದ ರೂಢಿಯ ನಂಬಿಕೆಗೆ ಇದು ದೊಡ್ಡ ತಿದ್ದುಪಡಿ.

ಛಾವಣಿಯ ತೋಳಿನಿಂದ ಮೇಜಿನ ಮೇಲಿನ ಪರದೆಗೆ ಬರಲು ಇನ್ನೂ ಕೆಲವು ವರ್ಷಗಳು ಹಿಡಿದವು. ಯಂತ್ರವನ್ನು ತಲೆಯ ಮೇಲೆ ಹೊರದೆ, ಎದುರಿಗಿರುವ ಪರದೆಯನ್ನೇ ಕಿಂಡಿಯಾಗಿ ಮಾಡುವ ಪ್ರಯತ್ನವನ್ನು ಅಮೆರಿಕದ ಸ್ಕಾಟ್ ಫಿಷರ್ ೧೯೮೨ರಲ್ಲಿ ವಿವರಿಸಿದನು. ಇದರ ಗಣಿತ ಅಷ್ಟೇನೂ ಕಠಿಣವಾದುದಲ್ಲ. ಕಣ್ಣಿನಿಂದ ಕಲ್ಪಿತ ವಸ್ತುವಿಗೆ ಒಂದು ದಾರವನ್ನು ಎಳೆದಂತೆ ಭಾವಿಸಬೇಕು. ದಾರ ಪರದೆಯನ್ನು ಎಲ್ಲಿ ದಾಟುತ್ತದೆಯೋ ಅಲ್ಲಿ ಚುಕ್ಕೆಯನ್ನಿಡಬೇಕು. ಕಣ್ಣು ಪರದೆಯಿಂದ ೬೦ ಸೆಂಟಿಮೀಟರ್ ದೂರದಲ್ಲಿದೆ. ವಸ್ತು ಪರದೆಯ ಹಿಂದೆ ೬೦ ಸೆಂಟಿಮೀಟರ್ ದೂರದಲ್ಲಿದೆಯೆಂದು ಕಲ್ಪನೆ. ತಲೆ ೧೦ ಸೆಂಟಿಮೀಟರ್ ಎಡಕ್ಕೆ ಸರಿದರೆ ಚುಕ್ಕೆಯೂ ೫ ಸೆಂಟಿಮೀಟರ್ ಎಡಕ್ಕೆ ಸರಿಯಬೇಕು. ವಸ್ತು ಪರದೆಗಿಂತ ೨೦ ಸೆಂಟಿಮೀಟರ್ ಮುಂದೆ ನಿಂತಿದೆಯೆಂದು ತೋರಿಸಬೇಕಾದರೆ ಚುಕ್ಕೆ ಅಷ್ಟೇ ದೂರ ಬಲಕ್ಕೆ ಸರಿಯಬೇಕು. ಪರದೆಯ ಮೇಲೆಯೇ ಇರುವ ವಸ್ತು ಕದಲಬಾರದು. ಸಾವಿರಾರು ಚುಕ್ಕೆಗಳಿಗೆ ಈ ಲೆಕ್ಕವನ್ನು ಕ್ಷಣಮಾತ್ರದಲ್ಲಿ ಮಾಡಬಲ್ಲ ಯಂತ್ರ ದೊರೆಯುವುದೇ ಕಷ್ಟವಾಗಿತ್ತು. ಲೆಕ್ಕ ತಡವಾದರೆ ಚಿತ್ರ ತಲೆಯ ಹಿಂದೆ ತೆವಳುತ್ತದೆ; ಆಗ ಭ್ರಮೆ ಒಡೆಯುತ್ತದೆ.

೧೯೯೦ರ ದಶಕದ ಆದಿಯಲ್ಲಿ ಈ ಯಂತ್ರಬಲ ಒದಗಿತು. ೧೯೯೨ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯ ಮೈಕಲ್ ಡೀರಿಂಗ್, ಪರದೆಯ ಗಾಜಿನ ಬಾಗುವಿಕೆಯನ್ನೂ ಆ ಗಾಜು ಬೆಳಕನ್ನು ವಕ್ರಗೊಳಿಸುವ ಪ್ರಮಾಣವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಚಿತ್ರವನ್ನು ಸರಿಪಡಿಸುವ ಬಗೆಯನ್ನು ಪ್ರಕಟಿಸಿದನು. ಅದೇ ವರ್ಷ ಷಿಕಾಗೊ ನಗರದ ಇಲಿನಾಯ್ ವಿಶ್ವವಿದ್ಯಾನಿಲಯದ ಕರೊಲಿನಾ ಕ್ರೂಸ್-ನೈರಾ, ಡೇನಿಯಲ್ ಸ್ಯಾಂಡಿನ್, ಥಾಮಸ್ ಡಿಫಾಂಟಿ ಇವರು ‘ಕೇವ್’ ಎಂಬ ಕೋಣೆಯನ್ನು ಪ್ರದರ್ಶಿಸಿದರು. ಅದರಲ್ಲಿ ಗೋಡೆಗಳೂ ನೆಲವೂ ಪರದೆಗಳೇ. ಒಳಗೆ ನಿಂತವನ ತಲೆಯನ್ನು ಅನುಸರಿಸಿ ಇಡೀ ಕೋಣೆಯ ಚಿತ್ರ ಬದಲಾಗುತ್ತಿತ್ತು.

ಹೆಲ್ಮ್‌ಹೋಲ್ಟ್ಸನ ಕಾಡಿಗೆ ಪ್ರಯೋಗಶಾಲೆಯಲ್ಲಿ ಪರೀಕ್ಷೆ ನಡೆದದ್ದು ೧೯೯೩ರಲ್ಲಿ. ಕೆನಡಾದ ಕಾಲಿನ್ ವೇರ್, ಕೆವಿನ್ ಆರ್ಥರ್, ಕೆಲ್ಲಾಗ್ ಬೂತ್ ಇವರು ಪರದೆಯ ಮೇಲಿನ ತಮ್ಮ ಲೋಕವನ್ನು ಮೀನಿನ ಗಾಜಿನ ತೊಟ್ಟಿಗೆ ಹೋಲಿಸಿ ಅದಕ್ಕೆ ತಕ್ಕ ಹೆಸರನ್ನಿಟ್ಟರು. ಗೆರೆಗಳಿಂದ ರಚಿಸಿದ ಎರಡು ಮರಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಗುರುತು ಮಾಡಿದ ಎಲೆ ಯಾವ ಮರಕ್ಕೆ ಸೇರಿದ್ದೆಂದು ಪರೀಕ್ಷಾರ್ಥಿ ಹೇಳಬೇಕು. ನಿಂತ ಚಿತ್ರವನ್ನು ನೋಡಿದಾಗ ತಪ್ಪುಗಳು ಬಹಳ ಆದವು. ಎರಡು ಕಣ್ಣಿಗೆ ಎರಡು ಚಿತ್ರಗಳನ್ನಷ್ಟೇ ಕೊಟ್ಟಾಗ ಸ್ವಲ್ಪಮಟ್ಟಿಗೆ ಕಡಿಮೆಯಾದವು. ಚಿತ್ರ ತಲೆಯ ಚಲನೆಯನ್ನಷ್ಟೇ ಅನುಸರಿಸಿದಾಗ ತೀರ ಕಡಿಮೆಯಾದವು. ಎರಡೂ ಕೂಡಿದಾಗ ಅತ್ಯಲ್ಪವಾದವು. ಸದರ್‌ಲೆಂಡ್ ಇಪ್ಪತ್ತೈದು ವರ್ಷ ಮೊದಲು ಅನುಭವದಿಂದ ಹೇಳಿದ ಮಾತು ಹೀಗೆ ಅಂಕಿಗಳಿಂದ ಸಮರ್ಥಿಸಲ್ಪಟ್ಟಿತು.

೫

ಇಷ್ಟೆಲ್ಲ ಆದರೂ ಈ ವಿದ್ಯೆ ಪ್ರಯೋಗಶಾಲೆಗಳ ಬಾಗಿಲನ್ನು ದಾಟಲಿಲ್ಲ. ತಲೆಯ ಸ್ಥಾನವನ್ನು ಅಳೆಯುವ ಉಪಕರಣಗಳು ಜನಸಾಮಾನ್ಯರು ಕೊಳ್ಳುವಂಥವಾಗಿರಲಿಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಜಾನಿ ಚುಂಗ್ ಲೀ ೨೦೦೭ರಲ್ಲಿ ಮಾಡಿದ ಕೆಲಸದ ಮಹತ್ತ್ವ ಇಲ್ಲಿಯೇ ಇದೆ. ಅವನು ಹೊಸ ತತ್ತ್ವವನ್ನು ಕಂಡುಹಿಡಿಯಲಿಲ್ಲ. ಹಳೆಯ ತತ್ತ್ವದ ಖರ್ಚನ್ನು ಇಳಿಸಿದನು.

ಜಪಾನಿನ ನಿಂಟೆಂಡೊ ಕಂಪನಿ ೨೦೦೬ರಲ್ಲಿ ‘ವೀ’ ಎಂಬ ಆಟದ ಯಂತ್ರವನ್ನು ಮಾರುಕಟ್ಟೆಗೆ ತಂದಿತ್ತು. ಅದರ ಕೈಗೋಲಿನ ತುದಿಯಲ್ಲಿ ಅವಗೆಂಪು ಬೆಳಕನ್ನು ಕಾಣಬಲ್ಲ ಪುಟ್ಟ ಕ್ಯಾಮೆರಾ ಇದ್ದಿತು. ಅಂಥ ಬೆಳಕಿನ ನಾಲ್ಕು ಚುಕ್ಕೆಗಳವರೆಗೆ ಅದು ಏಕಕಾಲದಲ್ಲಿ ಗುರುತಿಸಬಲ್ಲದು. ಕಂಪನಿಯ ಏರ್ಪಾಡಿನಲ್ಲಿ ದೀಪಗಳು ಟೆಲಿವಿಷನ್ನಿನ ಬಳಿಯಲ್ಲಿ, ಕೈಗೋಲು ಆಟಗಾರನ ಕೈಯಲ್ಲಿ. ಲೀ ಇದನ್ನು ತಿರುಗುಮುರುಗು ಮಾಡಿದನು. ಕೈಗೋಲನ್ನು ಪರದೆಯ ಬಳಿ ಇಟ್ಟು, ದೀಪಗಳನ್ನು ಕನ್ನಡಕದ ಎರಡು ಪಕ್ಕಗಳಿಗೆ ಸಿಕ್ಕಿಸಿ ತಲೆಗೆ ತೊಟ್ಟನು. ಎರಡು ದೀಪಗಳ ನಡುವಣ ಅಂತರ ಗೊತ್ತಿರುವುದರಿಂದ, ಕ್ಯಾಮೆರಾಕ್ಕೆ ಅವು ಹತ್ತಿರ ಹತ್ತಿರ ಕಂಡರೆ ತಲೆ ದೂರದಲ್ಲಿದೆ, ಅಗಲವಾಗಿ ಕಂಡರೆ ಹತ್ತಿರದಲ್ಲಿದೆ. ಅವುಗಳ ನಡುಬಿಂದುವಿನಿಂದ ದಿಕ್ಕು ತಿಳಿಯುತ್ತದೆ. ಸುಮಾರು ೪೦ ಡಾಲರಿನ ಕೈಗೋಲೊಂದು ಪ್ರಯೋಗಶಾಲೆಯ ಉಪಕರಣದ ಕೆಲಸವನ್ನು ಮಾಡಿತು. ಲೀ ತನ್ನ ಕ್ರಮಣಿಕೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟನು. ಅವನು ತೆಗೆದ ಚಲಚ್ಚಿತ್ರವನ್ನು ಲಕ್ಷಾಂತರ ಜನರು ನೋಡಿದರು. ಗುರಿಹಲಗೆಗಳು ಪರದೆಯಿಂದ ಹೊರಗೆ ಚಾಚಿಕೊಂಡಂತೆ ಅದರಲ್ಲಿ ಕಾಣುತ್ತಿದ್ದವು.

ಆ ಚಲಚ್ಚಿತ್ರ ಅಷ್ಟೊಂದು ಬೆರಗನ್ನು ಹುಟ್ಟಿಸಿದ್ದಕ್ಕೆ ಇನ್ನೊಂದು ಕಾರಣವನ್ನೂ ಗಮನಿಸಬೇಕು. ಅಲ್ಲಿ ಪರದೆಯ ಚಿತ್ರ ಅನುಸರಿಸುತ್ತಿದ್ದುದು ದೃಶ್ಯವನ್ನು ಸೆರೆಹಿಡಿಯುತ್ತಿದ್ದ ಕ್ಯಾಮೆರಾದ ಚಲನೆಯನ್ನು. ಕ್ಯಾಮೆರಾಕ್ಕೆ ಇರುವುದು ಒಂದೇ ಕಣ್ಣು. ಆದಕಾರಣ ಅದಕ್ಕೆ ಭ್ರಮೆ ಪರಿಪೂರ್ಣ. ಎರಡು ಕಣ್ಣಿನ ಮನುಷ್ಯನು ಅದೇ ಪರದೆಯ ಮುಂದೆ ಕುಳಿತರೆ, ಎರಡು ಕಣ್ಣುಗಳೂ ಒಂದೇ ಚಿತ್ರವನ್ನು ಕಂಡು, ಇದು ಚಪ್ಪಟೆಯಾದ ಗಾಜೇ ಸರಿ ಎಂದು ಮೆಲ್ಲನೆ ಸಾಕ್ಷ್ಯ ನುಡಿಯುತ್ತವೆ. ಬ್ರುನೆಲ್ಲೆಸ್ಕಿಯ ಹಲಗೆಯ ರಂಧ್ರ ಎರಡನೆಯ ಕಣ್ಣನ್ನು ಏಕೆ ಮುಚ್ಚಿತ್ತೆಂಬುದು ಇಲ್ಲಿ ಮತ್ತೊಮ್ಮೆ ಮನದಟ್ಟಾಗುತ್ತದೆ.

೬

ಕನ್ನಡಕ ಮತ್ತು ದೀಪಗಳ ಅವಶ್ಯಕತೆಯೂ ಬಹುಕಾಲ ಉಳಿಯಲಿಲ್ಲ. ೨೦೦೧ರಲ್ಲಿಯೇ ಪಾಲ್ ವಯೋಲಾ ಮತ್ತು ಮೈಕಲ್ ಜೋನ್ಸ್, ಸಾಧಾರಣ ಕ್ಯಾಮೆರಾದ ಚಿತ್ರದಲ್ಲಿ ಮನುಷ್ಯನ ಮುಖ ಎಲ್ಲಿದೆಯೆಂಬುದನ್ನು ಅತಿ ವೇಗವಾಗಿ ಹುಡುಕುವ ವಿಧಾನವನ್ನು ಪ್ರಕಟಿಸಿದ್ದರು. ಇಂಥ ವಿಧಾನಗಳು ಬೆಳೆದಂತೆ ಬರಿಯ ಮುಖವೇ ಗುರುತಾಗಿ ಸಾಕಾಯಿತು. ೨೦೧೪ರಲ್ಲಿ ಅಮೆಜಾನ್ ಕಂಪನಿ ಹೊರತಂದ ‘ಫೈರ್ ಫೋನ್’ ತನ್ನ ಮುಂಭಾಗದ ನಾಲ್ಕು ಮೂಲೆಗಳಲ್ಲಿ ನಾಲ್ಕು ಕ್ಯಾಮೆರಾಗಳನ್ನು ಇದಕ್ಕಾಗಿಯೇ ಹೊತ್ತಿತ್ತು. ತಲೆ ವಾಲಿಸಿದರೆ ನಕ್ಷೆಯ ಕಟ್ಟಡಗಳು ಪಕ್ಕದ ಮುಖವನ್ನು ತೋರಿಸುತ್ತಿದ್ದವು. ಜನರು ಅದನ್ನು ನೋಡಿ ಮೆಚ್ಚಿದರೇ ಹೊರತು ಕೊಳ್ಳಲಿಲ್ಲ. ಆ ವರ್ಷವೇ ಕಂಪನಿ ಆ ಫೋನಿನ ಬಾಬಿನಲ್ಲಿ ೧೭ ಕೋಟಿ ಡಾಲರುಗಳ ನಷ್ಟವನ್ನು ತನ್ನ ಲೆಕ್ಕದಲ್ಲಿ ಬರೆದುಕೊಂಡಿತು. ೨೦೧೫ರಲ್ಲಿ ಮಾರಾಟ ನಿಂತಿತು. ನೋಟದ ಸೊಗಸೊಂದೇ ಪ್ರಯೋಜನವಾಗಲಾರದು. ನಕ್ಷೆಯಲ್ಲಿ ದಾರಿ ಹುಡುಕುವವನಿಗೆ ಕಟ್ಟಡದ ಪಕ್ಕದ ಗೋಡೆ ಬೇಕಾಗಿಲ್ಲ.

ಯಶಸ್ಸು ದೊರೆತದ್ದು ಎರಡು ದಾರಿಗಳು ಕೂಡಿದ ಕಡೆ. ನಿಂಟೆಂಡೊ ಕಂಪನಿ ೨೦೧೧ರಲ್ಲಿ ಹೊರತಂದ ಕೈಯಾಟದ ಯಂತ್ರ, ಕನ್ನಡಕವಿಲ್ಲದೆಯೇ ಒಂದೊಂದು ಕಣ್ಣಿಗೆ ಒಂದೊಂದು ಚಿತ್ರವನ್ನು ಕಳಿಸುತ್ತಿತ್ತು. ಆದರೆ ತಲೆ ತುಸು ಅಲುಗಿದರೆ ಚಿತ್ರ ಕೆಡುತ್ತಿತ್ತು. ೨೦೧೪ರಲ್ಲಿ ಜಪಾನಿನಲ್ಲಿ ಬಂದ ಅದರ ಹೊಸ ರೂಪ ಆಟಗಾರನ ಮುಖದ ಸ್ಥಾನವನ್ನು ಅನುಸರಿಸಿ ಈ ದೋಷವನ್ನು ತಿದ್ದಿತು. ೨೦೨೦ರಲ್ಲಿ ಸೋನಿ ಕಂಪನಿ ೧೫.೬ ಅಂಗುಲದ ಪರದೆಯೊಂದನ್ನು ಹೊರತಂದಿತು. ಅದು ಕಣ್ಣುಗಳ ಸ್ಥಾನವನ್ನು ಎಡೆಬಿಡದೆ ಗಮನಿಸಿ ಎರಡು ಕಣ್ಣಿಗೂ ಅವುಗಳ ಸ್ಥಾನಕ್ಕೆ ತಕ್ಕ ಎರಡು ಚಿತ್ರಗಳನ್ನು ಕಳಿಸುತ್ತದೆ. ವೀಟ್‌ಸ್ಟನ್ ಮತ್ತು ಹೆಲ್ಮ್‌ಹೋಲ್ಟ್ಸ್ ಇಬ್ಬರ ಮತಗಳೂ ಈ ಗಾಜಿನಲ್ಲಿ ಸಮನ್ವಯಗೊಂಡಿವೆಯೆನ್ನಬಹುದು. ವಸ್ತುಗಳ ರೂಪವನ್ನು ಕಲ್ಪಿಸುವ ವಿನ್ಯಾಸಕಾರರಿಗೆ ಇಂಥ ಪರದೆಯಿಂದ ನಿಜವಾದ ಉಪಯೋಗವುಂಟು. ಕೈಯಲ್ಲಿ ಹಿಡಿದು ತಿರುಗಿಸಿ ನೋಡಬೇಕಾದುದನ್ನು ಮಾಡಿಸುವ ಮುನ್ನವೇ ತಲೆ ಬಾಗಿಸಿ ನೋಡಬಹುದು.

ಆದರೆ ಎರಡು ಸಂಗತಿಗಳು ಯಾವ ಸುಧಾರಣೆಯಿಂದಲೂ ಪೂರ್ತಿಯಾಗಿ ನೀಗಿಲ್ಲ. ಮೊದಲನೆಯದು, ಈ ಪರದೆಗಳಲ್ಲಿ ಚಿತ್ರ ಒಬ್ಬನಿಗೆ ಸೇರಿದ್ದು. ‘ಕೇವ್’ ಕೋಣೆಯೊಳಗೆ ಹಲವರು ನಿಲ್ಲಬಹುದಾಗಿತ್ತು. ಆದರೆ ಯಾರ ತಲೆಯನ್ನು ಯಂತ್ರ ಅನುಸರಿಸುತ್ತಿತ್ತೋ ಅವನೊಬ್ಬನಿಗೆ ಮಾತ್ರ ಲೋಕ ನೆಟ್ಟಗೆ ಕಂಡಿತು. ಪಕ್ಕದವನಿಗೆ ಅದು ಸೊಟ್ಟಗಾಯಿತು. ಚಿತ್ರಮಂದಿರದ ಸಾವಿರ ಜನರಿಗೆ ಒಂದೇ ಪರದೆಯಿಂದ ಸಾವಿರ ಬೇರೆ ಬೇರೆ ಚಿತ್ರಗಳನ್ನು ತೋರಿಸುವುದು ಈ ವಿಧಾನಕ್ಕೆ ಅಸಾಧ್ಯ. ಎರಡು ಚಿತ್ರಗಳ ಕನ್ನಡಕ ಚಿತ್ರಮಂದಿರಕ್ಕೆ ಬಂದರೂ ತಲೆಯ ಅನುಸರಣೆ ಅಲ್ಲಿಗೆ ಬಾರದೆ ಮೇಜಿನ ಬಳಿಯೇ ಉಳಿದದ್ದಕ್ಕೆ ಇದೇ ಕಾರಣ.

ಎರಡನೆಯದು ಇನ್ನೂ ಗಂಭೀರವಾದದ್ದು. ಪರದೆ ಕಿಂಡಿಯಾಗಬೇಕಾದರೆ ಅದು ನೋಡುವವನನ್ನು ಸದಾ ನೋಡುತ್ತಿರಬೇಕು. ಪೊತ್ಸೊ ತನ್ನ ಛಾವಣಿಯ ಕೆಳಗೆ ಯಾರು ನಿಂತರೆಂಬುದನ್ನು ತಿಳಿಯಲಾರನು. ಅವನಿಗೆ ಅದು ಬೇಕಾಗಿಯೂ ಇರಲಿಲ್ಲ. ಇಂದಿನ ಯಂತ್ರಕ್ಕೆ ಅದು ತಿಳಿಯದೆ ಒಂದು ಗೆರೆಯನ್ನೂ ಎಳೆಯಲಾಗುವುದಿಲ್ಲ. ಲೀಯ ಕೈಗೋಲು ಕಂಡದ್ದು ಬೆಳಕಿನ ಎರಡು ಚುಕ್ಕೆಗಳನ್ನು ಮಾತ್ರ. ಮುಂದಿನ ಕ್ಯಾಮೆರಾಗಳು ಕಾಣುವುದು ಮುಖವನ್ನು, ಕಣ್ಣನ್ನು. ಕಣ್ಣು ಎಲ್ಲಿದೆಯೆಂಬುದನ್ನು ಬಲ್ಲ ಯಂತ್ರಕ್ಕೆ, ಅದು ಏನನ್ನು ಎಷ್ಟು ಹೊತ್ತು ನೋಡಿತೆಂಬುದನ್ನು ತಿಳಿಯುವುದು ದೂರದ ಮಾತಲ್ಲ. ಆ ತಿಳಿವಳಿಕೆ ಚಿತ್ರ ಬರೆದ ಮರುಕ್ಷಣವೇ ಅಳಿಯುವುದೋ, ಯಾರದಾದರೂ ಕಡತ ಸೇರುವುದೋ ಎಂಬುದು ಯಂತ್ರಜ್ಞನು ಒಬ್ಬನೇ ನಿರ್ಧರಿಸುವ ವಿಷಯವಾಗಬಾರದು.

ಆರು ಶತಮಾನಗಳ ಈ ಕಥೆಯಲ್ಲಿ ಜ್ಯಾಮಿತಿ ಬದಲಾಗಲಿಲ್ಲ. ಬ್ರುನೆಲ್ಲೆಸ್ಕಿಯ ಹಲಗೆಗೂ ಸೋನಿಯ ಗಾಜಿಗೂ ನಿಯಮ ಒಂದೇ. ಬದಲಾದದ್ದು ನೋಡುವವನ ಪಾಡು. ನೆಲದಲ್ಲಿ ಹುದುಗಿದ್ದ ಬಿಲ್ಲೆಯನ್ನು ಗಣಕಯಂತ್ರ ಕಿತ್ತು ಅವನ ಕಾಲಿಗೆ ಕಟ್ಟಿತು. ಅವನು ಹೋದ ಕಡೆಯೆಲ್ಲ ಅದೂ ಹೋಗುತ್ತದೆ. ಸಾಂತ್ ಇಗ್ನಾಟ್ಸಿಯೊ ದೇವಾಲಯದ ಹಳೆಯ ಬಿಲ್ಲೆಯಾದರೋ ಇದ್ದಲ್ಲಿಯೇ ಇದೆ. ಒಬ್ಬನು ನೋಡಿ ಮುಗಿಸಿ ಪಕ್ಕಕ್ಕೆ ಸರಿದರೆ ಇನ್ನೊಬ್ಬನು ಅಲ್ಲಿ ಬಂದು ನಿಲ್ಲುತ್ತಾನೆ, ಅದೇ ಆಕಾಶವನ್ನು ಕಾಣುತ್ತಾನೆ. ಯಾರು ಬಂದರು, ಯಾರು ಹೋದರು ಎಂಬ ಲೆಕ್ಕವನ್ನು ಆ ಬಿಲ್ಲೆ ಇಡುವುದಿಲ್ಲ.